ಪಕ್ಕದ ಮನೆಯ ನಲ್ಲಿ

ಎರಡು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಿ ಕೆಳಗೆ ಸಹಿ ಮಾಡುವುದು, ಅಷ್ಟೇ ಕೆಲಸ. ಮೊದಲನೆಯ ಚೌಕದ ಎದುರು ‘ವರ್ಚುವಲ್ ಸರ್ವರ್, ಎರಡು’ ಎಂದಿತ್ತು, ಎರಡನೆಯದರ ಎದುರು ‘ಡೆಡಿಕೇಟೆಡ್ ಸರ್ವರ್, ಒಂದು’. ಹಾಳೆ ಎಂಟು ದಿನದಿಂದ ಅವನ ಚೀಲದಲ್ಲಿ ಮನೆಗೂ ಆಫೀಸಿಗೂ ಓಡಾಡಿ, ಮಡಿಕೆಯ ಜಾಗದಲ್ಲಿ ಹರಿಯಲು ಶುರುವಾಗಿತ್ತು. ಇವತ್ತು ನಾಲ್ಕು ಗಂಟೆಗೆ ಸಭೆ, ಅಷ್ಟರೊಳಗೆ ಗುರುತು ಬೀಳಲೇಬೇಕು. ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದವನಿಗೆ ಎಡಗೆನ್ನೆ ಮುಗಿಸಿದೆನೋ ಇಲ್ಲವೋ ಎಂಬುದೇ ಮರೆತುಹೋಗಿ, ಮುಗಿಸಿದ ಕೆನ್ನೆಯನ್ನೇ ಮತ್ತೊಮ್ಮೆ ಹೆರೆದು ರಕ್ತ ಬಂತು. ಟವೆಲನ್ನು ಕೆನ್ನೆಗೆ ಒತ್ತಿಕೊಂಡೇ ಊಟದ ಮೇಜಿನ ಹತ್ತಿರ ಬಂದಾಗ ಹೆಂಡತಿ ಅವನ ಮುಖವನ್ನು ನೋಡಿ, ರಕ್ತದ ಮಾತೆತ್ತದೆ, “ಇವತ್ತಾದ್ರೂ ಆ ಹಾಳೆ ಕೊಟ್ಟು ಕೈ ತೊಳ್ಕೊಳ್ಳಿ ಮಾರಾಯ್ರೆ,” ಎಂದಳು. “ಎಂಟು ದಿನದಿಂದ ಮನೇಲಿ ಯಾರೋ ಸತ್ತಿರೋ ಹಾಗೆ ಓಡಾಡ್ತಿದ್ದೀರಿ. ಯಾವುದಾದ್ರೂ ಒಂದಕ್ಕೆ ಗುರುತು ಹಾಕಿ. ಮೆಷಿನ್ ತಾನೆ, ಮಗಳಿಗೆ ಗಂಡು ನೋಡ್ತಿಲ್ವಲ್ಲ.” ಅವನು ನಗಬೇಕಾಗಿತ್ತು, ನಗಲಿಲ್ಲ. ಯಾರೋ ಸತ್ತಿರೋ ಹಾಗೆ ಎಂಬ ಮಾತು ಕಿವಿಯಲ್ಲಿ ಸಿಕ್ಕಿಕೊಂಡಿತ್ತು. ಎದುರಿಗೆ ಕೂತಿದ್ದ ಮಗಳು ಬಾಯಿ ತುಂಬ ಬ್ರೆಡ್ ಇಟ್ಟುಕೊಂಡೇ, “ಅಪ್ಪಾ, ಈ ಸಲ ನಾಟಕದಲ್ಲಿ ನಂಗೆ ಮಾತಿದೆ. ಮೂರು ಮಾತು. ಹೋದ್ಸಲದ ಥರ ಬೇಗ ಬಂದು ಮುಂದಿನ ಸಾಲಲ್ಲೇ ಕೂತ್ಕೋಬೇಕು,” ಎಂದಳು. ಅವನು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ.

ಹೋದ ಸಲ ಅವಳು ಮರವಾಗಿದ್ದಳು. ಮರಕ್ಕೆ ಮಾತಿರಲಿಲ್ಲ. ತಲೆಯ ಮೇಲೆ ಹಸಿರು ಕಾಗದದ ಎಲೆಗಳನ್ನು ಅಂಟಿಸಿಕೊಂಡು, ಎರಡೂ ಕೈ ಮೇಲೆತ್ತಿ ಇಪ್ಪತ್ತು ನಿಮಿಷ ನಿಂತಿದ್ದಳು, ಪಾಪ. ಮೂಗು ತುರಿಸಿದರೂ ಅಲ್ಲಾಡಿರಲಿಲ್ಲ. ಅವನು ಮುಂದಿನ ಸಾಲಿನಲ್ಲಿ ಕೂತು, ಎಲ್ಲರೂ ಚಪ್ಪಾಳೆ ನಿಲ್ಲಿಸಿದ ಮೇಲೂ ಇನ್ನೆರಡು ಸಲ ತಟ್ಟಿದ್ದ. ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು. ಆಫೀಸಿನಿಂದ. ತೆಗೆಯಲಿಲ್ಲ. ನಾಟಕ ಮುಗಿದ ಮೇಲೆ ಹೊರಗೆ ಬಂದು, ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತು ಫೋನು ಮಾಡಿದಾಗ, ಮಧ್ಯಾಹ್ನ ಹನ್ನೊಂದು ನಿಮಿಷ ಆಫೀಸಿನ ಕಂಪ್ಯೂಟರ್ ತೆರೆಗಳೆಲ್ಲ ಸ್ತಬ್ಧವಾಗಿದ್ದವೆಂದೂ, ಆ ಹೊತ್ತಿನಲ್ಲಿ ಬಂದ ಒಂದು ಕರೆಗೆ ಆಂಬುಲೆನ್ಸ್ ಗಾಡಿ ತಡವಾಗಿ ಹೋಗಿ, ಎದೆನೋವೆಂದಿದ್ದ ಮನುಷ್ಯ ದಾರಿಯಲ್ಲೇ ತೀರಿಕೊಂಡನೆಂದೂ ಹೇಳಿದರು. ಮಗಳು ಎಲೆಗಳನ್ನು ಕಿತ್ತು ಕಿತ್ತು ಅವನ ಅಂಗಿಯ ಜೇಬಿಗೆ ತುರುಕುತ್ತಿದ್ದಳು. ಈಗ ಎಂಟು ತಿಂಗಳಾಯಿತು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅವನು ಮತ್ತೆ ಅದೇ ಲೆಕ್ಕ ಶುರುಮಾಡಿದ. ವಿಷಯವೇನು ಬ್ರಹ್ಮವಿದ್ಯೆಯಲ್ಲ. ಅವನು ಕೆಲಸ ಮಾಡುವುದು ಆಂಬುಲೆನ್ಸ್ ಕರೆ ಕೇಂದ್ರದಲ್ಲಿ. ಹನ್ನೆರಡು ಮಂದಿ ಹೆಂಗಸರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾರೆ. ಯಾರಿಗೋ ಉಸಿರು ಕಟ್ಟಿದರೆ, ಯಾರೋ ಮೆಟ್ಟಿಲಿನಿಂದ ಜಾರಿಬಿದ್ದರೆ ಕರೆ ಇವರಿಗೆ ಬರುತ್ತದೆ. ವಿಳಾಸ ಟೈಪ್ ಮಾಡಿದರೆ ಹತ್ತಿರದ ಗಾಡಿ ಯಾವುದೆಂದು ತೆರೆ ತೋರಿಸುತ್ತದೆ, ಗುಂಡಿ ಒತ್ತಿದರೆ ಚಾಲಕನಿಗೆ ಸುದ್ದಿ ಹೋಗುತ್ತದೆ. ಇಷ್ಟನ್ನೂ ಮಾಡುವ ಯಂತ್ರ ಎಲ್ಲೋ ದೂರದ ಊರಿನಲ್ಲಿ, ಬಾಡಿಗೆಗೆ. ಅದನ್ನು ಇಲ್ಲಿಂದಲೇ ನೋಡಿಕೊಳ್ಳುವವನು ಇವನು. ಈಗ ಇನ್ನೂ ಮೂರು ಊರುಗಳ ಕರೆಗಳು ಇದೇ ಕೇಂದ್ರಕ್ಕೆ ಸೇರುವುದರಿಂದ ಹೊಸ ಯಂತ್ರ ಬೇಕು. ವರ್ಚುವಲ್ ಎಂದರೆ, ಈಗ ಇರುವ ಹಾಗೆ, ಒಂದು ದೊಡ್ಡ ಯಂತ್ರದಲ್ಲಿ ನಮಗೊಂದು ಪಾಲು. ಮಿಕ್ಕ ಪಾಲುಗಳಲ್ಲಿ ಯಾವುದೋ ಬಟ್ಟೆಯಂಗಡಿಯವರು, ಯಾರೋ ಟಿಕೆಟ್ ಮಾರುವವರು. ಡೆಡಿಕೇಟೆಡ್ ಎಂದರೆ ಇಡೀ ಯಂತ್ರ ನಮ್ಮೊಬ್ಬರದೇ. ಆದರೆ ಅದೊಂದರ ಬಾಡಿಗೆಯಲ್ಲಿ ಪಾಲುಗಳನ್ನು ಎರಡು ಬೇರೆ ಬೇರೆ ಊರಿನಲ್ಲಿ ಹಿಡಿಯಬಹುದು. ಒಂದು ಮಲಗಿದರೆ ಇನ್ನೊಂದು ಎದ್ದು ನಿಲ್ಲುತ್ತದೆ. ಒಂಟಿ ಯಂತ್ರ ಮಲಗಿತೆಂದರೆ ಮಲಗಿತು. ಯಾರೋ ಬಂದು ಹೊಸ ಡಿಸ್ಕ್ ಹಾಕಿ, ಹಳೆಯದನ್ನೆಲ್ಲ ಮತ್ತೆ ತುಂಬಿ ಎಬ್ಬಿಸಲು ನಾಲ್ಕೈದು ತಾಸು. ಕೇಂದ್ರಕ್ಕೆ ಬೇಕಾದದ್ದು ಎರಡು ಪಾಲು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿದ್ದಿದ್ದರೆ ಬದುಕಿಕೊಳ್ಳುತ್ತಿದ್ದ. ಮುಂದಿನ ಸೀಟಿನ ಮುದುಕಿಯೊಬ್ಬಳು ತನ್ನ ಚೀಲವನ್ನು ಎದೆಗವುಚಿಕೊಂಡು ಇವನನ್ನೇ ನೋಡುತ್ತಿದ್ದಳು, ಬಾಯಿ ಬಿಟ್ಟು ಏನಾದರೂ ಗೊಣಗಿದೆನೇನೋ ಎಂದು ಅವನು ಮುಖ ತಿರುಗಿಸಿದ.

ಏಕೆಂದರೆ ಎಂಟು ತಿಂಗಳ ಹಿಂದೆ ಆ ಹನ್ನೊಂದು ನಿಮಿಷದ ಬಗ್ಗೆ ವರದಿ ಬರೆದವನು ಅವನೇ. ‘ಒಂದೇ ಮನೆಗೆ ಅಡ್ಡಗೋಡೆ ಹಾಕಿ ನಾಲ್ಕು ಸಂಸಾರ ಇದ್ದಂತೆ. ಪಕ್ಕದ ಮನೆಯವರು ಎಲ್ಲ ನಲ್ಲಿಗಳನ್ನೂ ತಿರುಗಿಸಿಟ್ಟರೆ ನಮ್ಮ ನಲ್ಲಿಯಲ್ಲಿ ನೀರು ಬರುವುದಿಲ್ಲ. ಅಂದು ಆದದ್ದು ಅದೇ.’ ಜೀವಮಾನದಲ್ಲಿ ಅವನು ಬರೆದ ಒಂದೇ ಒಂದು ಒಳ್ಳೆಯ ವಾಕ್ಯ ಅದು. ಕೇಂದ್ರದ ನಿರ್ದೇಶಕರಿಗೆ ಎಷ್ಟು ಹಿಡಿಸಿತೆಂದರೆ ಬಂದವರಿಗೆಲ್ಲ ಹೇಳಿದರು, ಪತ್ರಿಕೆಯವರಿಗೆ ಹೇಳಿದರು, ಸತ್ತವನ ಹೆಂಡತಿ ಬಂದು ಕೂತಾಗ ಅವಳಿಗೂ ಹೇಳಿದರು. ಆಕೆ ಎಲ್ಲ ಕೇಳಿಸಿಕೊಂಡು, “ಪಕ್ಕದ ಮನೆಯವ್ರು ಅಂದ್ರೆ ಯಾರು?” ಎಂದು ಕೇಳಿದ್ದಳು. ಅವನು ಬಾಗಿಲ ಹತ್ತಿರ ನಿಂತಿದ್ದ. ಬಾಡಿಗೆ ಕಂಪನಿಯವನು ಮಾತ್ರ ಫೋನಿನಲ್ಲಿ ಬಹಳ ವಿನಯದಿಂದ, “ಸಾರ್, ನಮ್ಮ ಕಡೆ ಏನೂ ತೊಂದರೆ ಕಾಣಿಸ್ತಿಲ್ಲ, ಅಕ್ಕಪಕ್ಕದೋರ ಕಡೆಯಿಂದ್ಲೂ ಏನೂ ಇಲ್ಲ. ನೀವೇನಾದ್ರೂ ಆ ಹೊತ್ತಲ್ಲಿ ಸ್ನ್ಯಾಪ್‌ಶಾಟ್…” ಎನ್ನುವಷ್ಟರಲ್ಲಿ ಇವನು ಫೋನು ಇಟ್ಟಿದ್ದ. ವರದಿಯಲ್ಲಿ, ಕಂಪನಿಯವರು ಎಂದಿನಂತೆ ಜಾರಿಕೊಂಡರು ಎಂದು ಸೇರಿಸಿದ. ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ ಯಂತ್ರದಲ್ಲಿ ತೊಂಬತ್ತು ದಿನ ಇದ್ದು ತಾನಾಗಿ ಅಳಿಸಿಹೋಗುತ್ತದೆ. ಅವನು ಒಂದೊಂದು ದಿನವನ್ನೂ ಎಣಿಸಿದ್ದ. ತೊಂಬತ್ತೊಂದನೆಯ ದಿನ ಹೊಟ್ಟೆ ತುಂಬ ಊಟ ಮಾಡಿದ, ಊಟವಾದ ಮೇಲೆ ಬಚ್ಚಲಿಗೆ ಹೋಗಿ ಎಲ್ಲ ವಾಂತಿ ಮಾಡಿದ.

ಕರೆ ಕೇಂದ್ರದ ದೊಡ್ಡ ಕೋಣೆಯಲ್ಲಿ, ಗೋಡೆಯ ಮೊಳೆಗೆ ಒಂದು ಹಿತ್ತಾಳೆಯ ಕೈಗಂಟೆ ತೂಗುಹಾಕಿದೆ. ಯಂತ್ರದಲ್ಲಿ ಏನೇ ಬದಲಾವಣೆ ಮಾಡುವ ಮುಂಚೆ, ಕೈತಪ್ಪಿದರೆ ಹಿಂದಕ್ಕೆ ಹೋಗಲು ಬೇಕೆಂದು ಇಡೀ ಯಂತ್ರದ ಒಂದು ನಕಲು ತೆಗೆದಿಡುತ್ತಾರೆ, ಅದೇ ಸ್ನ್ಯಾಪ್‌ಶಾಟ್. ನಕಲು ಮುಗಿಯುವ ತನಕ ಯಂತ್ರ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆದ್ದರಿಂದ ಅದಕ್ಕೆ ಮೊದಲು ಇವನು ಕೋಣೆಗೆ ಹೋಗಿ ಗಂಟೆಯನ್ನು ಮೂರು ಸಲ ಬಾರಿಸಿ, “ಕಾಗದಕ್ಕೆ” ಎನ್ನಬೇಕು. ಆಗ ಹನ್ನೆರಡು ಮಂದಿಯೂ ತೆರೆಯನ್ನು ಬಿಟ್ಟು ಡ್ರಾಯರಿನಿಂದ ಚೀಟಿ ಪುಸ್ತಕ ಎಳೆದುಕೊಳ್ಳುತ್ತಾರೆ. ಚೀಟಿಯಲ್ಲಿ ಮೊದಲು ಸಮಯ, ಆಮೇಲೆ ವಿಳಾಸ, ಕರೆ ಮಾಡಿದವರು, ಏನಾಗಿದೆ, ಹೋದ ಗಾಡಿ. ಎಲ್ಲಕ್ಕಿಂತ ಕೆಳಗೆ ‘ಗಂಟೆ ಬಾರಿಸಿದವರ ಸಹಿ’ ಎಂದು ಒಂದು ಗೆರೆ. ಚೀಟಿ ನೋಡಿಕೊಂಡು ಚಾಲಕನಿಗೆ ಫೋನಿನಲ್ಲೇ ಹೇಳುತ್ತಾರೆ. ಹಳೆಯ ಕಾಲದ ಪದ್ಧತಿ, ಆದರೆ ಒಂದು ಸಲವೂ ಕೈಕೊಟ್ಟದ್ದಿಲ್ಲ. ಆ ದಿನಕ್ಕೆ ಒಂದು ವಾರ ಮುಂಚೆ, ಇವನು ಒಂದೇ ದಿನ ಎರಡನೆಯ ಸಲ ಗಂಟೆ ಬಾರಿಸಿದ್ದಾಗ, ಯಾರೋ ದೊಡ್ಡವರನ್ನು ಕರೆದುಕೊಂಡು ಕೋಣೆ ತೋರಿಸುತ್ತಿದ್ದ ನಿರ್ದೇಶಕರು, “ಏನ್ರೀ, ಹೊತ್ತಿಗೊಂದು ಸಲ ಗಂಟೆ ಹೊಡೆಯೋಕೆ ಇದೇನು ಸ್ಕೂಲೇನ್ರೀ? ಮುಂದಿನ ಪೀರಿಯಡ್ಡು ಯಾವುದು?” ಎಂದಿದ್ದರು. ಬಂದವರು ನಕ್ಕರು, ಹನ್ನೆರಡು ಮಂದಿಯೂ ನಕ್ಕರು. ಇವನೂ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ನಕ್ಕ. ಅಂದಿನಿಂದ ಅವನ ಹೆಸರು ಗಂಟೆ ಸಾರ್ ಎಂದಾಯಿತು; ಕಾವಲುಗಾರ ಕೂಡ ಹಾಗೇ ಕರೆಯತೊಡಗಿದ.

ಇಷ್ಟಕ್ಕೇ. ಒಂದು ನಗೆಗೆ. ಆ ದಿನ ಮರವಾಗಿ ನಿಲ್ಲುವ ಮಗಳನ್ನು ನೋಡಲು ಬೇಗ ಹೊರಡಬೇಕಾಗಿತ್ತು, ಕೆಲಸವನ್ನು ಸಂಜೆಗೆ ತಳ್ಳಲು ಆಗುತ್ತಿರಲಿಲ್ಲ. ಎರಡೂ ನಲವತ್ತಕ್ಕೆ ಸ್ನ್ಯಾಪ್‌ಶಾಟ್ ಒತ್ತಿದ. ಗಂಟೆಯ ಹತ್ತಿರ ಹೋಗಲಿಲ್ಲ. ಯಾವಾಗಲೂ ಎರಡು ನಿಮಿಷದಲ್ಲಿ ಮುಗಿಯುವಂಥದ್ದು, ಊಟವಾದ ಹೊತ್ತು, ಕರೆಗಳೂ ಕಡಿಮೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡ. ಮೂರನೆಯ ನಿಮಿಷಕ್ಕೂ ಮುಗಿಯಲಿಲ್ಲ. ಅವನ ಕೋಣೆಗೂ ದೊಡ್ಡ ಕೋಣೆಗೂ ನಡುವೆ ಗಾಜು. ಗಾಜಿನಾಚೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. “ಸ್ವಲ್ಪ ಲೈನಲ್ಲೇ ಇರಿ, ಸ್ವಲ್ಪ ಲೈನಲ್ಲೇ ಇರಿ” ಎಂಬುದು ಗಾಜು ದಾಟಿ ಕೇಳಿಸುತ್ತಿತ್ತು. ಗಂಟೆ ಬಾರಿಸಿರಲಿಲ್ಲವಲ್ಲ, ಆದ್ದರಿಂದ ಯಾರೂ ಕಾಗದಕ್ಕೆ ಹೋಗಲಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ತೆರೆಯನ್ನೇ ನೋಡುತ್ತಿದ್ದರು. ಅವನು ಎದ್ದು ನಿಂತ. ಈಗ ಹೋಗಿ ಬಾರಿಸಿದರೆ ಮೊದಲು ಬಾರಿಸಲಿಲ್ಲವೇಕೆ ಎಂದು ಕೇಳುತ್ತಾರೆ. ಮತ್ತೆ ಕೂತ. ನಾಲ್ಕನೆಯ ನಿಮಿಷ ಎದ್ದ, ಕೂತ. ಹಾಗೆ ಎಷ್ಟು ಸಲ ಎದ್ದು ಕೂತನೋ. ಏಳನೆಯ ಕುರ್ಚಿಯಲ್ಲಿ ದೊಡ್ಡಕ್ಕ ಎಂದು ಎಲ್ಲರೂ ಕರೆಯುವ, ಹತ್ತೊಂಬತ್ತು ವರ್ಷದಿಂದ ಅಲ್ಲೇ ಕೂತಿರುವ ಹೆಂಗಸು ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದದ್ದು ಅವನಿಗೆ ಕಾಣುತ್ತಿತ್ತು. ಅವಳ ತುಟಿ ಅಲ್ಲಾಡುತ್ತಿತ್ತು. ಹನ್ನೊಂದನೆಯ ನಿಮಿಷಕ್ಕೆ ಯಂತ್ರ ಉಸಿರು ಬಿಟ್ಟಿತು, ಅವನೂ ಬಿಟ್ಟ, ಚೀಲ ತೆಗೆದುಕೊಂಡು ನಾಟಕಕ್ಕೆ ಹೋದ.

ಆಫೀಸಿನ ಬಾಗಿಲಲ್ಲಿ ಕಾವಲುಗಾರ, “ಗಂಟೆ ಸಾರ್, ಕೆನ್ನೆಗೇನಾಯ್ತು?” ಎಂದ. ಅವನು ಒಳಗೆ ಹೋಗಿ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ಎರಡು ಪಾಲಿಗೆ ಗುರುತು ಹಾಕಿದರೆ ಎಲ್ಲರೂ ಕೇಳುತ್ತಾರೆ: ಪಾಲಿನಿಂದಲೇ ಅಲ್ಲವೇ ಆ ಮನುಷ್ಯ ಹೋದದ್ದು, ಮತ್ತೆ ಪಾಲೇ? ಅದಕ್ಕೆ ಉತ್ತರ ಒಂದೇ, ಅದನ್ನು ಹೇಳಿದರೆ ಕೆಲಸ ಹೋಗುತ್ತದೆ, ಬಹುಶಃ ಅದಕ್ಕಿಂತ ಹೆಚ್ಚಿನದೂ ಹೋಗುತ್ತದೆ; ಹೆಂಡತಿ ಅವನ ಮುಖ ನೋಡುವ ರೀತಿ ಹೋಗುತ್ತದೆ, ನಾಟಕಕ್ಕೆ ಬೇಗ ಬಂದ ಅಪ್ಪ ಹೋಗುತ್ತಾನೆ. ಒಂಟಿ ಯಂತ್ರಕ್ಕೆ ಗುರುತು ಹಾಕಿದರೆ ಎಲ್ಲ ನೆಟ್ಟಗಿರುತ್ತದೆ, ಯಾವುದೋ ಒಂದು ದಿನ ಡಿಸ್ಕ್ ಕೈಕೊಡುವ ತನಕ. ಕೊಡದೆಯೂ ಇರಬಹುದು. ಹತ್ತು ವರ್ಷ ಕೊಡದಿರಬಹುದು. ಇಷ್ಟು ದಿನ ಅವನು ಇದನ್ನೇ ಹಿಡಿದುಕೊಂಡು ಜಗ್ಗುತ್ತಿದ್ದ. ನಾಲ್ಕು ಊರಿನ ಕರೆ, ನಾಲ್ಕೈದು ತಾಸು, ಎಷ್ಟು ಎದೆನೋವು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟುಬಿಡುತ್ತಿದ್ದ.

ಹನ್ನೆರಡು ಗಂಟೆಗೆ ಹಳೆಯ ಒಪ್ಪಂದದ ಕಾಗದ ಬೇಕಾಗಿ ದಾಖಲೆ ಕೋಣೆಗೆ ಹೋಗಲೇಬೇಕಾಯಿತು. ಅಲ್ಲಿಗೆ ಹೋಗುವುದನ್ನು ಅವನು ಎಂಟು ತಿಂಗಳಿಂದ ತಪ್ಪಿಸಿಕೊಂಡು ಬಂದಿದ್ದ. ದೊಡ್ಡಕ್ಕ ಈಗ ಅಲ್ಲಿದ್ದಳು. ವಿಚಾರಣೆಯಲ್ಲಿ ಅವಳೊಬ್ಬಳೇ, ನಾನೇ ಏನೋ ತಪ್ಪು ಗುಂಡಿ ಒತ್ತಿದೆ, ನನ್ನಿಂದಲೇ ಎಲ್ಲರ ತೆರೆಯೂ ನಿಂತಿತು ಎಂದು ಹೇಳಿದ್ದು. ಆ ಕರೆ ತೆಗೆದುಕೊಂಡವಳೂ ಅವಳೇ. ಇವನ ವರದಿ ಬಂದ ಮೇಲೆ ನಿರ್ದೇಶಕರು ಅವಳನ್ನು ಕರೆದು, ನಿನ್ನದೇನೂ ತಪ್ಪಿಲ್ಲವಮ್ಮ ಎಂದರು. ಅವಳು ತಲೆಯಾಡಿಸಿ, ಆದರೂ ಹೆಡ್‌ಫೋನ್ ಬೇಡ ಎಂದು ಈ ಕಿಟಕಿಯಿಲ್ಲದ ಕೋಣೆಗೆ ಬಂದು ಕೂತಿದ್ದಳು. ಇವನನ್ನು ಕಂಡಕೂಡಲೆ ಕನ್ನಡಕ ತೆಗೆದು ಎದ್ದು ನಿಂತಳು.

“ಕೂತ್ಕೊಳ್ಳಿ ದೊಡ್ಡಕ್ಕ, ನೀವ್ಯಾಕೆ ಏಳ್ತೀರಿ.”

“ಇರ್ಲಿ ಬಿಡಿ ಸಾರ್. ಇವತ್ತಂತೆ ಸಹಿ? ಬೇರೆ ಮನೆ ಮಾಡ್ತಿದ್ದೀರಂತೆ.” ಒಂಟಿ ಯಂತ್ರಕ್ಕೆ ನಿರ್ದೇಶಕರು ಆಡಿದ ಈ ಮಾತು ಇಡೀ ಆಫೀಸಿಗೆ ಹಬ್ಬಿತ್ತು. “ಒಳ್ಳೇದಾಯ್ತು. ಕಂಡೋರ ಜೊತೆ ಪಾಲು ಬೇಡವೇ ಬೇಡ. ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳ್ತೀನಿ. ನೀವು ಆ ವರದಿ ಬರೀದೇ ಇದ್ದಿದ್ರೆ ನಾನು ಏನಾದ್ರೂ ಮಾಡ್ಕೊಂಡು ಬಿಡ್ತಿದ್ದೆ.”

“ಹಾಗೆಲ್ಲ ಅನ್ಬೇಡಿ.”

“ಇಲ್ಲ, ನಿಜ. ಈಗ್ಲೂ ಪೂರ್ತಿ ನಂಬಿಕೆ ಬರಲ್ಲ ನೋಡಿ. ಅನ್ನ ಕಲಸ್ತಾ ಕೂತ್ಕೊಂಡಾಗ ಈ ಬೆರಳೇ ಅನ್ಸುತ್ತೆ.” ಅವಳು ಬಲಗೈಯ ತೋರುಬೆರಳನ್ನು ತನ್ನದಲ್ಲವೆಂಬಂತೆ ಎತ್ತಿ ಹಿಡಿದಳು. “ಆಗ ನಿಮ್ಮ ವಾಕ್ಯ ಹೇಳ್ಕೊಳ್ತೀನಿ. ಪಕ್ಕದ ಮನೆಯವ್ರು ನಲ್ಲಿ ತಿರುಗಿಸಿಟ್ಟಿದ್ರು, ಪಕ್ಕದ ಮನೆಯವ್ರು ನಲ್ಲಿ ತಿರುಗಿಸಿಟ್ಟಿದ್ರು. ಸ್ವಲ್ಪ ಹೊತ್ತು ಸರಿಹೋಗುತ್ತೆ.”

ಅವನು ಬೇಕಾದ ಕಾಗದವನ್ನು ಕೇಳದೆಯೇ ಹೊರಗೆ ಬಂದ. ಮೊಗಸಾಲೆಯಲ್ಲಿ ಗೋಡೆಗೆ ಕೈಯೂರಿ ನಿಂತ. ಇಷ್ಟು ದಿನ ಅವನು ಸತ್ತವನನ್ನು ನೆನೆದು ನರಳಿದ್ದ, ತನ್ನ ಕೆಲಸವನ್ನು ನೆನೆದು ನಡುಗಿದ್ದ. ಆದರೆ ಸುಳ್ಳಿನಿಂದ ಒಬ್ಬಳಾದರೂ ಬದುಕಿಕೊಂಡಳಲ್ಲ ಎಂಬ ಒಂದು ಸಣ್ಣ ಸಮಾಧಾನವನ್ನು ಯಾರಿಗೂ ಕಾಣದಂತೆ ಒಳಗೆ ಬಚ್ಚಿಟ್ಟುಕೊಂಡಿದ್ದ. ಅದೂ ಹೋಯಿತು. ಅವಳು ಬದುಕಿಕೊಂಡಿರಲಿಲ್ಲ. ಇವನ ವಾಕ್ಯವನ್ನು ಮಾತ್ರೆಯ ಹಾಗೆ ನುಂಗುತ್ತಿದ್ದಳು, ಮಾತ್ರೆಯಲ್ಲಿ ಮದ್ದೇ ಇರಲಿಲ್ಲ.

ನಾಲ್ಕು ಗಂಟೆಗೆ ಸಭೆಯ ಕೋಣೆಯಲ್ಲಿ ನಿರ್ದೇಶಕರೂ ಆಡಳಿತ ಮಂಡಳಿಯ ಹಿರಿಯರೊಬ್ಬರೂ ಇದ್ದರು. ಹಿರಿಯರು ಹಿಂದೆ ವೈದ್ಯರಾಗಿದ್ದವರು, ಮಾತು ಕಡಿಮೆ. ನಿರ್ದೇಶಕರು ಮದುವೆ ಮನೆಯವರ ಉತ್ಸಾಹದಲ್ಲಿದ್ದರು. “ಬನ್ರಿ ಗಂಟೆ ಸಾರ್, ಬನ್ರಿ. ಬೇರೆ ಮನೆ ಮಾಡೋಕೆ ಎಂಟು ದಿನ ಯೋಚನೆ ಮಾಡಿದ್ರಲ್ರೀ, ನಾನು ಮದುವೆಯಾಗೋಕೂ ಅಷ್ಟು ಯೋಚಿಸ್ಲಿಲ್ಲ.” ಅವನು ಹಾಳೆಯನ್ನು ಮೇಜಿನ ಮೇಲಿಟ್ಟು, ಒಂದು ಸಲ ಪ್ರಯತ್ನಿಸಿದ. ಸುಳ್ಳು ಸುಳ್ಳಾಗಿಯೇ ಇದ್ದು ಕೆಲಸವೂ ಸರಿಹೋಗುವ ಒಂದು ಸಂದಿ ಎಲ್ಲಾದರೂ ಇದ್ದೀತು ಎಂದು ಅವನಿಗೆ ಆಸೆ. ಎರಡು ಪಾಲಾದರೆ ಎರಡು ಊರಿನಲ್ಲಿರುತ್ತವೆ, ಒಂದು ನಿಂತರೆ ಇನ್ನೊಂದು ನಡೆಯುತ್ತದೆ, ಒಂಟಿ ಯಂತ್ರದ ಡಿಸ್ಕ್ ಹೋದರೆ ತಾಸುಗಟ್ಟಲೆ ಏನೂ ಮಾಡಲಾಗುವುದಿಲ್ಲ ಎಂದು ತಡವರಿಸುತ್ತ ಹೇಳಿದ.

“ಮತ್ತೆ ಪಕ್ಕದ ಮನೆ?” ಎಂದರು ನಿರ್ದೇಶಕರು. “ಎರಡು ಕಡೆ ಪಾಲು ಅಂದ್ರೆ ಎರಡು ಕಡೆ ಪಕ್ಕದ ಮನೆಯವ್ರು. ಎರಡು ಕಡೆನೂ ನಲ್ಲಿ ತಿರುಗಿಸಿಟ್ರೆ?”

“ಅದು… ಪ್ರತಿಸಲ ಹಾಗಾಗಲ್ಲ ಸಾರ್. ತುಂಬ ಅಪರೂಪ.”

ಹಿರಿಯರು ಮುಂದಿದ್ದ ಕಡತ ತೆರೆದು, ಬೆರಳಿನಿಂದ ಸಾಲು ಹುಡುಕಿ, ಅವನ ವರದಿಯನ್ನು ನಿಧಾನವಾಗಿ ಓದಿದರು. “‘ಹಂಚಿಕೆಯ ಯಂತ್ರದಲ್ಲಿ ಇರುವಷ್ಟು ದಿನ ಇದು ಯಾವಾಗ ಬೇಕಾದರೂ ಮರುಕಳಿಸಬಹುದು.’ ಇದು ನೀವೇ ಬರೆದಿದ್ದಲ್ವಾ?”

“ಹೌದು.”

“ಹಾಗಾದ್ರೆ ಅಪರೂಪ ಅಂತ ಈಗ ಯಾಕೆ ಅಂತಿದ್ದೀರಿ?”

ಹಿರಿಯರ ದನಿಯಲ್ಲಿ ಅನುಮಾನವೇನೂ ಇರಲಿಲ್ಲ, ತಿಳಿದುಕೊಳ್ಳಬೇಕೆಂದಷ್ಟೇ ಕೇಳಿದ್ದರು. ಬಾಗಿಲು ತೆರೆದುಕೊಂಡೇ ಇತ್ತು. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಅವನು ಪೆನ್ನು ತೆಗೆದು ಎರಡನೆಯ ಚೌಕಕ್ಕೆ ಗುರುತು ಹಾಕಿದ. ಗೆರೆ ಚೌಕದಾಚೆ ಹೋಯಿತು. ಸಹಿಯ ಜಾಗಕ್ಕೆ ಪೆನ್ನು ಬರುವಷ್ಟರಲ್ಲಿ ನಿರ್ದೇಶಕರು ಅವನ ಕೈ ಹಿಡಿದರು. “ತಡೀರಿ, ತಡೀರಿ. ಇನ್ನೇನು ಸ್ವಂತ ಮನೆ ಆಯ್ತು. ಇನ್ಮೇಲೆ ಆ ಗಂಟೆ, ಆ ಚೀಟಿ, ಆ ಹಳೇ ಕಾಲದ ಗೋಳು ಯಾಕೆ? ಹೋಗಿ ಗಂಟೆ ಬಿಚ್ಕೊಂಡ್ ಬನ್ನಿ. ಪಕ್ಕದಲ್ಲಿಟ್ಕೊಂಡು ಸಹಿ ಹಾಕಿ, ಒಂದು ಫೋಟೋ ತೆಗೆಯೋಣ. ಪುಸ್ತಕಗಳನ್ನ ದೊಡ್ಡಕ್ಕ ಒಟ್ಟು ಮಾಡ್ಕೊಂಡು ದಾಖಲೆ ಕೋಣೇಲಿ ಇಟ್ಕೊಳ್ಲಿ, ನಾನಾಗ್ಲೇ ಹೇಳಿ ಕಳಿಸಿದ್ದೀನಿ.”

ಒಂಟಿ ಯಂತ್ರವೂ ಸ್ನ್ಯಾಪ್‌ಶಾಟಿಗೆ ನಿಲ್ಲುತ್ತದೆ ಎಂದು ಹೇಳಬೇಕೆಂದುಕೊಂಡ. ಹೇಳಿದರೆ, ಹಾಗಾದರೆ ಆ ದಿನ ಎಂಬ ಪ್ರಶ್ನೆ ಅದರ ಬೆನ್ನಿಗೇ ಇತ್ತು. ಎದ್ದು ಹೊರಗೆ ನಡೆದ. ಹನ್ನೊಂದು ನಿಮಿಷವನ್ನು ಮುಚ್ಚಿಡಲು ಒಂದು ಪಕ್ಕದ ಮನೆ ಕಟ್ಟಿದ್ದ. ಆ ಮನೆಯನ್ನು ಉಳಿಸಲು ಈಗ ಗಂಟೆಯನ್ನೂ ಚೀಟಿಯನ್ನೂ ತಾನೇ ಕೈಯಾರೆ ಕಿತ್ತುಹಾಕುತ್ತಿದ್ದಾನೆ. ಅಂದು ಬಾರಿಸದೆ ಒಬ್ಬನನ್ನು ಕಳೆದುಕೊಂಡದ್ದಾಯಿತು, ಇನ್ನು ಬಾರಿಸಬೇಕೆಂದರೂ ಬಾರಿಸಲು ಏನೂ ಉಳಿಯುವುದಿಲ್ಲ.

ದೊಡ್ಡ ಕೋಣೆಯಲ್ಲಿ ಹನ್ನೆರಡು ಕುರ್ಚಿಗಳೂ ತುಂಬಿದ್ದವು, ಏಳನೆಯದರಲ್ಲಿ ಹೊಸಬಳು. ದೊಡ್ಡಕ್ಕ ಒಂದು ರಟ್ಟಿನ ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು, ಎಂಟು ತಿಂಗಳ ಮೇಲೆ ಮೊದಲ ಸಲ ಈ ಕೋಣೆಗೆ ಬಂದು, ಬಾಗಿಲ ಹತ್ತಿರವೇ ನಿಂತಿದ್ದಳು. ಇನ್ನೂ ಒಂದು ಪುಸ್ತಕವನ್ನೂ ಎತ್ತಿಕೊಂಡಿರಲಿಲ್ಲ. ಒಳಗೆ ಬರಲು ಧೈರ್ಯ ಸಾಲದೆ, ಇವನ ದಾರಿ ನೋಡುತ್ತಿದ್ದಂತೆ ಕಂಡಳು. “ನೀವು ಬಂದ್ರಲ್ಲ, ಸರಿಹೋಯ್ತು,” ಎಂದಳು ಮೆಲ್ಲಗೆ. ಅವನು ಗಂಟೆಯ ನಾಲಿಗೆ ಸದ್ದು ಮಾಡದಂತೆ ಒಳಗೆ ಬೆರಳು ತೂರಿಸಿ ಹಿಡಿದು, ಮೊಳೆಯಿಂದ ಬಿಚ್ಚಿದ. ಹಿತ್ತಾಳೆ ತಣ್ಣಗಿತ್ತು. ಎಷ್ಟು ಸಣ್ಣ ಗಂಟೆ. ಕೂತಲ್ಲಿಂದ ಇಲ್ಲಿಗೆ ಹದಿನಾಲ್ಕು ಹೆಜ್ಜೆ, ಅವನು ಅಂದೂ ಎಣಿಸಿದ್ದ. ಹಿಂದೆ ಯಾರೋ, “ನಮ್ಮ ಪೀರಿಯಡ್ ಮುಗೀತು ಹಾಗಾದ್ರೆ,” ಎಂದರು, ಇಬ್ಬರು ಮೂವರು ನಕ್ಕರು. ದೊಡ್ಡಕ್ಕ ನಗಲಿಲ್ಲ. ಪೆಟ್ಟಿಗೆಯ ಅಂಚಿನ ಮೇಲೆ ಅವಳ ಬಲಗೈಯ ತೋರುಬೆರಳು ಸುಮ್ಮನೆ ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ.

ಅವನು ನಾಲಿಗೆಯಿಂದ ಬೆರಳು ತೆಗೆದ. ಗಂಟೆಯನ್ನೆತ್ತಿ ಮೂರು ಸಲ ಬಾರಿಸಿದ.

“ಕಾಗದಕ್ಕೆ,” ಎಂದ.

ನಗು ಅಲ್ಲೇ ನಿಂತಿತು. ಕೈಗಳು ತಾವಾಗಿ ಡ್ರಾಯರಿಗೆ ಹೋದವು. ಹನ್ನೆರಡು ಪುಸ್ತಕಗಳು ಮೇಜಿನ ಮೇಲೆ ಬಿದ್ದವು, ಹನ್ನೆರಡು ಪೆನ್ನುಗಳ ಮುಚ್ಚಳ ತೆರೆದವು. ಯಾರೂ ಏಕೆಂದು ಕೇಳಲಿಲ್ಲ. ನಾಲ್ಕನೆಯ ಕುರ್ಚಿಯವಳು ಕರೆಯ ನಡುವೆಯೇ ಚೀಟಿಗೆ ಹೊರಳಿ, “ಹೇಳಿ ಅಮ್ಮ, ಬಾಗಿಲ ಬಣ್ಣ ಯಾವುದು ಅಂದ್ರಿ?” ಎಂದು ಬರೆಯುತ್ತ ಹೋದಳು. ಬಾರಿಸಿದ ಕ್ಷಣದಿಂದ ಅವರು ಕಾಗದಕ್ಕೆ ಹೋಗಲು ಹಿಡಿದದ್ದು ಮೂರು ಸೆಕೆಂಡು. ಮೂರೇ ಸೆಕೆಂಡು.

“ಆ ದಿನ ನಾನು ಬಾರಿಸಲಿಲ್ಲ,” ಎಂದ ಅವನು, ದೊಡ್ಡಕ್ಕನ ಕಡೆ ತಿರುಗಿ. “ಎರಡೂ ನಲವತ್ತಕ್ಕೆ ಸ್ನ್ಯಾಪ್‌ಶಾಟ್ ಒತ್ತಿದ್ದು ನಾನು. ಗಂಟೆ ಬಾರಿಸಲಿಲ್ಲ. ನಗ್ತಾರೆ ಅಂತ. ಆಮೇಲೆ ನೀವೆಲ್ಲ ಒದ್ದಾಡೋದು ಗಾಜಿನಿಂದ ಕಾಣಿಸ್ತಿತ್ತು, ಆಗ್ಲೂ ಬಾರಿಸಲಿಲ್ಲ. ಪಕ್ಕದ ಮನೆಯವ್ರು ಯಾರೂ ಇರಲಿಲ್ಲ ದೊಡ್ಡಕ್ಕ. ನಿಮ್ಮ ಬೆರಳೂ ಅಲ್ಲ.”

ಅವಳು ಪೆಟ್ಟಿಗೆಯನ್ನು ಕೆಳಗಿಟ್ಟಳು. ಅವನ ಮುಖವನ್ನು ನೋಡಿದಳು, ಕೆನ್ನೆಯ ಗಾಯವನ್ನು ನೋಡಿದಳು. ಅವಳು ಅಳಬಹುದು, ಹೊಡೆಯಬಹುದು, ಉಗಿಯಬಹುದು ಎಂದು ಅವನು ಕಾಯುತ್ತ ನಿಂತ. ಹೊಡೆದರೆ ಎಷ್ಟು ಚೆನ್ನ ಎನಿಸಿತು.

“ಗಾಜಿನಿಂದ ನಾನು ಕಾಣಿಸ್ತಿದ್ನಾ?”

“ಕಾಣಿಸ್ತಿದ್ರಿ.”

“ಎಂಟು ತಿಂಗಳು,” ಎಂದಳು.

ಏಳನೆಯ ಕುರ್ಚಿಯ ಹತ್ತಿರ ನಡೆದು, ಹೊಸಬಳ ಪುಸ್ತಕದಿಂದ ಒಂದು ಚೀಟಿ ಹರಿದುಕೊಂಡು, ನಿಂತುಕೊಂಡೇ ಬರೆಯತೊಡಗಿದಳು. ಮೊದಲು ಸಮಯ: ಎರಡೂ ನಲವತ್ತಮೂರು. ಆಮೇಲೆ ವಿಳಾಸ, ಮನೆಯ ಸಂಖ್ಯೆ, ಅಡ್ಡರಸ್ತೆ, ಎರಡನೆಯ ಮಹಡಿ, ನೀಲಿ ಬಾಗಿಲು. ಒಂದು ಕಡೆಯೂ ತಡೆಯಲಿಲ್ಲ. ಕರೆ ಮಾಡಿದವರು: ಹೆಂಡತಿ. ಏನಾಗಿದೆ: ಎದೆನೋವು, ಮಾತಾಡುತ್ತಿದ್ದಾರೆ. ಆ ಹೊತ್ತಿಗೆ ಯಾವ ಗಾಡಿಯೂ ಹೊರಟಿರಲಿಲ್ಲ, ಹೋದ ಗಾಡಿ ಎಂಬಲ್ಲಿ ಒಂದು ಅಡ್ಡಗೆರೆ ಎಳೆದಳು. ಅಕ್ಷರ ದುಂಡಗೆ, ಸ್ವಲ್ಪವೂ ಅಲುಗಿರಲಿಲ್ಲ. ಚೀಟಿಯನ್ನು ಅವನ ಕಡೆ ತಿರುಗಿಸಿ, ಎಲ್ಲಕ್ಕಿಂತ ಕೆಳಗಿನ ಗೆರೆಯ ಮೇಲೆ ತನ್ನ ತೋರುಬೆರಳಿಟ್ಟಳು.

“ಇಲ್ಲಿ ಹಾಕಿ ಸಹಿ.”

ಗಂಟೆ ಬಾರಿಸಿದವರ ಸಹಿ ಎಂದಿತ್ತು. ಅವನು ‘ಬಾರಿಸಲಿಲ್ಲ’ ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದ. ಎರಡನೆಯ ಕುರ್ಚಿಯವಳು, “ಸಾರ್, ಕಾಗದಾನೇ ಇನ್ನೂ, ತೆರೆಗೆ ಹೋಗೋಣ್ವಾ?” ಎಂದು ಕೇಳಿದಳು. “ತೆರೆಗೆ ಹೋಗಿ,” ಎಂದ. ಗಂಟೆಯನ್ನು ಮೊಳೆಗೆ ತೂಗುಹಾಕಿದ. ದೊಡ್ಡಕ್ಕ ಅವನಿಗೆ ಬೆನ್ನು ಮಾಡಿ ನಿಂತು, ಖಾಲಿ ಪೆಟ್ಟಿಗೆಯನ್ನು ಕಾಲಿನಿಂದ ಬಾಗಿಲಾಚೆ ತಳ್ಳುತ್ತಿದ್ದಳು.

ಸಭೆಯ ಕೋಣೆಯಲ್ಲಿ ನಿರ್ದೇಶಕರು ಫೋಟೋ ತೆಗೆಯಲು ಫೋನು ಹಿಡಿದು ಎದ್ದು ನಿಂತಿದ್ದರು. “ಏನ್ರೀ, ಗಂಟೆ ಬಾರಿಸಿದ್ದು ಕೇಳಿಸ್ತು. ಎಲ್ರೀ ಅದು?”

“ಅಲ್ಲೇ ಇದೆ ಸಾರ್,” ಎಂದು ಅವನು ಚೀಟಿಯನ್ನು ಎರಡು ಚೌಕಗಳ ಮೇಲಿಟ್ಟು, ಹಿರಿಯರ ಕಡೆಗೆ ತಳ್ಳಿದ.